ದೇಶಗಳಿಗೊಂದು ಮಾರ್ಕ್ಸ್ ಕಾರ್ಡ್

ಕಳೆದ ಡಿಸೆಂಬರ್ ಕೊನೆಯ ವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾಲ್ಕು ಊರುಗಳು ಪರೀಕ್ಷೆಗೆ ಕೂತಿದ್ದವು: ಮೆಲ್ಬರ್ನ್, ಸ್ಟುಟ್‌ಗಾರ್ಟ್, ದುಬೈ ಮತ್ತು ನಮ್ಮ ಶಿವಮೊಗ್ಗ. ಪೇಪರ್ ತಿದ್ದುವವರು ಇಬ್ಬರು. ಒಬ್ಬಳು ಆಸ್ಟ್ರೇಲಿಯಾದಿಂದ ಬಂದಿದ್ದ ಮಗನ ಮಗಳು, ವಯಸ್ಸು 11. ಇನ್ನೊಬ್ಬ ಜರ್ಮನಿಯಿಂದ ಬಂದಿದ್ದ ಮಗಳ ಮಗ, ವಯಸ್ಸು 9. ಶಾಲೆಯಲ್ಲಿ ಅವರ ಹೆಸರು ಏನೇ ಇರಲಿ, ನನಗೆ ಅವಳು ಪುಟ್ಟಿ, ಅವನು ಪುಟ್ಟ. ಪರೀಕ್ಷೆಯಲ್ಲಿದ್ದದ್ದು ಒಂದೇ ಪ್ರಶ್ನೆ: ‘ಅಜ್ಜಿ ಇನ್ನು ಮುಂದೆ ಎಲ್ಲಿರಬೇಕು?’

ನಾನು 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಸಾವಿರಾರು ಮಕ್ಕಳಿಗೆ ಅಂಕ ಹಾಕಿದ್ದೇನೆ. ನನ್ನದೇ ವಿಷಯಕ್ಕೆ ಇಬ್ಬರು ಮಕ್ಕಳು ಗೆರೆ ಹಾಕಿದ ಹಾಳೆ ಇಟ್ಟುಕೊಂಡು ಪೆನ್ಸಿಲ್ ಕಚ್ಚುತ್ತಾ ಕೂತದ್ದನ್ನು ನೋಡಿ ನಗು ಬಂತು. ಆದರೆ ಆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ.

ಜುಲೈ ತಿಂಗಳು, ಆಷಾಢದ ಮಳೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಬಚ್ಚಲಿಗೆ ಹೋದವಳು ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿದಿತ್ತು. ಸೊಂಟಕ್ಕೂ ಪೆಟ್ಟಾಗಿ ಮೇಲೇಳಲು ಆಗಲಿಲ್ಲ. ಫೋನು ಹಾಸಿಗೆಯ ಪಕ್ಕದಲ್ಲಿತ್ತು. ಕೂಗಿದೆ. ಹೆಂಚಿನ ಮೇಲೆ ಸುರಿಯುವ ಮಳೆಯಲ್ಲಿ ನನ್ನ ಕೂಗು ನನಗೇ ಸರಿಯಾಗಿ ಕೇಳಿಸಲಿಲ್ಲ. ಯಜಮಾನರು ಹೋಗಿ ಆಗ ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ನಾನೊಬ್ಬಳೇ.

ಆರೂವರೆಗೆ ಹಾಲು ಹಾಕುವ ಹುಡುಗ ಬಂದ. ಗೇಟಿಗೆ ಪ್ಯಾಕೆಟ್ ಸಿಕ್ಕಿಸಿ ಹೊರಟವನು ತಿರುಗಿ ನೋಡಿದನಂತೆ. “ಟೀಚರ್ ಇಷ್ಟೊತ್ತಿಗೆ ಅಡುಗೆಮನೆ ಲೈಟ್ ಹಾಕಿಲ್ಲ ಅಂದ್ರೆ ಏನೋ ಆಗಿದೆ” ಎಂದು ಪಕ್ಕದ ಮನೆಯವರನ್ನು ಎಬ್ಬಿಸಿದ. ಅವರು ಹಿಂಬಾಗಿಲಿನ ಚಿಲಕ ಮುರಿದು ಒಳಗೆ ಬಂದರು. ಎರಡು ಗಂಟೆ ತಣ್ಣನೆ ನೆಲದ ಮೇಲಿದ್ದೆ.

ಮಗನಿಗೆ ಫೋನ್ ಹೋದಾಗ ಮೆಲ್ಬರ್ನ್‌ನಲ್ಲಿ ಬೆಳಿಗ್ಗೆ ಹನ್ನೊಂದೂವರೆ, ಅವನು ಮೀಟಿಂಗ್‌ನಲ್ಲಿದ್ದ. ಮಗಳ ಊರಿನಲ್ಲಿ ನಡುರಾತ್ರಿ ಮೂರೂವರೆ. ಅವಳು ವಿಮಾನ ಹಿಡಿದು ಮೂರನೆಯ ದಿನ ಬಂದಳು. ನನ್ನ ಕೈಗೆ ಹಾಕಿದ್ದ ಪ್ಲಾಸ್ಟರ್ ನೋಡಿ ಮಾತಾಡದೆ ಕೂತಳು. ಆಮೇಲೆ ಹೇಳಿದಳು, “ಅಮ್ಮಾ, ಇನ್ನು ಸಾಕು. ಮನೆ ಮಾರಿಬಿಡೋಣ. ನನ್ನ ಹತ್ರ ಬಾ, ಇಲ್ಲ ಅಣ್ಣನ ಹತ್ರ ಹೋಗು. ಒಬ್ಬಳೇ ಇರೋದು ಮಾತ್ರ ಬೇಡ.”

ನಾನು ಡಿಸೆಂಬರ್‌ವರೆಗೆ ಗಡುವು ಕೇಳಿದೆ. ಎಲ್ಲರೂ ರಜೆಗೆ ಬರುತ್ತಾರೆ, ಎದುರುಬದುರು ಕೂತು ತೀರ್ಮಾನಿಸೋಣ ಎಂದೆ. ದೊಡ್ಡವರು ಕೂತು ಮಾತಾಡಿದಾಗಲೆಲ್ಲ ಒಬ್ಬರ ಕಣ್ಣಲ್ಲಿ ನೀರು, ಇನ್ನೊಬ್ಬರ ದನಿ ಜೋರು. ಮೂರನೆಯ ದಿನ ಪುಟ್ಟಿ ಹಾಳೆ ತಂದು ಗೆರೆ ಹಾಕಿದಳು. “ನಾವು ಮಾರ್ಕ್ಸ್ ಹಾಕ್ತೀವಿ. ಜಾಸ್ತಿ ಬಂದ ಊರಿಗೆ ಅಜ್ಜಿ.”

ಎಂಟು ವಿಷಯ ಬರೆದರು: ಗಾಳಿ-ನೀರು, ಸಂಬಳ, ಆಸ್ಪತ್ರೆ, ಶಾಲೆ, ಊಟ, ಓಡಾಟ, ಮಾತು, ಆಟ. ಒಂದೊಂದಕ್ಕೆ 10 ಅಂಕ. ಒಟ್ಟು 80. ದುಬೈ ಯಾಕೆ ಎಂದರೆ, ಅಲ್ಲಿ 29 ವರ್ಷ ದುಡಿದು ಬಂದ ನನ್ನ ತಮ್ಮ ಪಕ್ಕದ ಬೀದಿಯಲ್ಲೇ ಇದ್ದಾನೆ. ಅವನನ್ನು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾನೆ ಎಂದು ಪುಟ್ಟ ಸೇರಿಸಿದ.

ಒಂದು ಗಂಟೆಯಲ್ಲಿ ಫಲಿತಾಂಶ ಬಂತು. ಪುಟ್ಟಿಯ ಹಾಳೆಯಲ್ಲಿ ಮೆಲ್ಬರ್ನ್ ಪ್ರಥಮ, ಪುಟ್ಟನ ಹಾಳೆಯಲ್ಲಿ ಸ್ಟುಟ್‌ಗಾರ್ಟ್ ಪ್ರಥಮ. ಇಬ್ಬರ ಹಾಳೆಯಲ್ಲೂ ಶಿವಮೊಗ್ಗ ಕೊನೆಗೆ. ಫುಟ್‌ಪಾತ್ ಮೇಲೆ ನಡೆಯೋಕಾಗಲ್ಲ, ಹಾರ್ನ್ ಶಬ್ದ ಜಾಸ್ತಿ ಎಂದು ಓಡಾಟದಲ್ಲಿ 2 ಹಾಕಿದ್ದರು. ಊಟಕ್ಕೆ ಮಾತ್ರ ಇಬ್ಬರೂ 10 ಕೊಟ್ಟಿದ್ದರು. ಬೀದಿಯ ನಾಯಿಮರಿಗಳಿಗಾಗಿ ಆಟದಲ್ಲಿ ಪುಟ್ಟ ಪೂರ್ತಿ 10 ಹಾಕಿದ್ದ.

ಅವರ ಅಂಕಗಳನ್ನು ನಾನು ತಳ್ಳಿಹಾಕಲಿಲ್ಲ. ಮೂರು ಊರನ್ನೂ ಸ್ವಲ್ಪ ಕಂಡಿದ್ದೇನೆ, ನಾಲ್ಕನೆಯದನ್ನು ತಮ್ಮನ ಬಾಯಲ್ಲಿ ಕೇಳಿದ್ದೇನೆ. ಆದ್ದರಿಂದ ಹಾಳೆ ಮುಂದಿಟ್ಟುಕೊಂಡು ಒಂದೊಂದೇ ಊರನ್ನು ಮಕ್ಕಳ ಜೊತೆ ಮತ್ತೆ ತಿದ್ದಿದೆ.

ಮೊದಲು ಸ್ಟುಟ್‌ಗಾರ್ಟ್. 2023ರಲ್ಲಿ ಮಗಳ ಮನೆಯಲ್ಲಿ 88 ದಿನ ಇದ್ದೆ. 88 ಯಾಕೆಂದರೆ, ನೋಡಲು ಬರುವವರಿಗೆ ಅಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಲು ಬಿಡುತ್ತಾರೆ. ಬರುವಾಗಲೇ ಕನಿಷ್ಠ 30,000 ಯೂರೋ ಖರ್ಚು ಭರಿಸುವ ಆರೋಗ್ಯ ವಿಮೆ ಮಾಡಿಸಿರಬೇಕು. ಊರು ಚೆಂದ. ಗುಡ್ಡದ ಮೇಲೆ ಮನೆಗಳು, ಹೊತ್ತಿಗೆ ಸರಿಯಾಗಿ ಬರುವ ಟ್ರಾಮ್. ಪ್ಲಾಸ್ಟಿಕ್ ಬಾಟಲಿ ಅಂಗಡಿಗೆ ವಾಪಸ್ ಕೊಟ್ಟರೆ 25 ಸೆಂಟ್ ಕೈಗೆ ಬರುತ್ತದೆ, ಹಾಗಾಗಿ ಬೀದಿಯಲ್ಲಿ ಬಾಟಲಿ ಬಿದ್ದಿರುವುದು ಕಡಿಮೆ.

ದುಡಿಯುವವರಿಗೆ ಅದು ಒಳ್ಳೆಯ ದೇಶ. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ ಕಾನೂನಿನಲ್ಲೇ ಇದೆ. ಮಗು ಹುಟ್ಟಿದರೆ ತಂದೆಗಾಗಲಿ ತಾಯಿಗಾಗಲಿ ಮೂರು ವರ್ಷದವರೆಗೆ ಕೆಲಸ ಬಿಟ್ಟಿದ್ದು ಮತ್ತೆ ಸೇರುವ ಹಕ್ಕಿದೆ. ಅದಕ್ಕೆ ತಕ್ಕ ಹಾಗೆ ಸಂಬಳದಲ್ಲಿ ಕತ್ತರಿಯೂ ಇದೆ. ಪಿಂಚಣಿ ನಿಧಿಗೆ ಶೇ 18.6 ಹೋಗುತ್ತದೆ, ಅದರಲ್ಲಿ ಅರ್ಧ ಕೆಲಸಗಾರರದು, ಅರ್ಧ ಕಂಪನಿಯದು. ಆರೋಗ್ಯ ವಿಮೆ, ತೆರಿಗೆ ಬೇರೆ. 1964ರಿಂದ ಈಚೆಗೆ ಹುಟ್ಟಿದವರಿಗೆ ಪೂರ್ತಿ ಪಿಂಚಣಿ ಸಿಗುವ ವಯಸ್ಸು 67. ಮಗಳು ನಾಳೆ ಭಾರತಕ್ಕೆ ವಾಪಸಾದರೂ ಅಲ್ಲಿ ಕಟ್ಟಿದ್ದು ಹಾಳಾಗದಂತೆ ಎರಡೂ ದೇಶಗಳ ನಡುವೆ ಒಪ್ಪಂದವಿದೆ, 2017ರ ಮೇ ತಿಂಗಳಿಂದ ಜಾರಿಯಲ್ಲಿದೆ. “ಹಾಗಾದ್ರೆ ಸಂಬಳಕ್ಕೆ 9 ಸರಿನಾ ಅಜ್ಜಿ?” ಎಂದ ಪುಟ್ಟ. ಸರಿ ಎಂದೆ.

‘ಮಾತು’ ವಿಷಯಕ್ಕೆ ಬಂದಾಗ ನಾನೇ ಒಂದು ಕಥೆ ಹೇಳಿದೆ. ಒಂದು ಭಾನುವಾರ ಮಧ್ಯಾಹ್ನ ಖಾಲಿ ಗಾಜಿನ ಬಾಟಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಬೀದಿ ಕೊನೆಯ ಡಬ್ಬಕ್ಕೆ ಹಾಕಲು ಹೋದೆ. ಎರಡು ಬಾಟಲಿ ಹಾಕಿ ಠಣ್ ಎನ್ನಿಸುವಷ್ಟರಲ್ಲಿ ಎದುರು ಮನೆಯ ವಯಸ್ಸಾದ ಹೆಂಗಸು ಬಂದು ಏನೋ ಹೇಳಿದರು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಬೈಯುತ್ತಿದ್ದಾರೆ ಎಂದುಕೊಂಡು ಚೀಲ ಎತ್ತಿಕೊಂಡು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಸಂಜೆ ಮಗಳು ವಿಚಾರಿಸಿ ಬಂದಳು. ಭಾನುವಾರ ಅಲ್ಲಿ ಸದ್ದು ಮಾಡುವಂತಿಲ್ಲ. ಅಂಗಡಿಗಳೂ ಮುಚ್ಚಿರುತ್ತವೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಾಟಲಿ ಹಾಕುವಂತಿಲ್ಲ. ಆಕೆ ಅಷ್ಟನ್ನೇ ಹೇಳಿದ್ದಂತೆ. ಮಾರನೆಯ ದಿನ ಬೆಳಿಗ್ಗೆ ಅದೇ ಹೆಂಗಸು ತಮ್ಮ ಚೀಲ ಹಿಡಿದು ನಮ್ಮ ಬಾಗಿಲು ತಟ್ಟಿದರು. ನನ್ನ ಚೀಲ ತೋರಿಸಿ ‘ಬನ್ನಿ’ ಎಂದು ಸನ್ನೆ ಮಾಡಿದರು. ಬಿಳಿ ಗಾಜು ಎಲ್ಲಿ, ಹಸಿರು ಗಾಜು ಎಲ್ಲಿ, ಕಂದು ಗಾಜು ಎಲ್ಲಿ ಎಂದು ತೋರಿಸಿಕೊಟ್ಟರು.

ಒಳ್ಳೆಯ ಜನ. ಆದರೂ ಪೆಟ್ಟಿಗೆಗೆ ಬಿದ್ದ ಒಂದು ಕಾಗದ ಓದಲು ನಾನು ಸಂಜೆ ಆರರವರೆಗೆ ಮಗಳಿಗೆ ಕಾಯಬೇಕಿತ್ತು. ಜೀವನವೆಲ್ಲ ಓದಿ, ಓದಿಸಿ, 68ನೆಯ ವಯಸ್ಸಿನಲ್ಲಿ ಅನಕ್ಷರಸ್ಥಳಾಗುವುದು ಹೇಗಿರುತ್ತದೆ ಎಂದು ಅಲ್ಲಿ ತಿಳಿಯಿತು. ‘ಮಾತು’ವಿನಲ್ಲಿ ಸ್ಟುಟ್‌ಗಾರ್ಟ್‌ಗೆ ಪುಟ್ಟ 8 ಹಾಕಿದ್ದ. “ಇದು ನಿನ್ನ ಅಂಕವೋ, ನನ್ನ ಅಂಕವೋ?” ಎಂದು ಕೇಳಿದೆ. ಅವನು ಯೋಚಿಸಿ ರಬ್ಬರ್ ತೆಗೆದುಕೊಂಡು ಅಳಿಸಿ 2 ಬರೆದ.

ಆಮೇಲೆ ಮೆಲ್ಬರ್ನ್. ಅಲ್ಲಿ ಇಂಗ್ಲಿಷ್, ನನಗೆ ಭಯವಿಲ್ಲ. ಒಂದೇ ದಿನದಲ್ಲಿ ಬಿಸಿಲು, ಗಾಳಿ, ಮಳೆ, ಚಳಿ ಎಲ್ಲ ಬಂದು ಹೋಗುತ್ತವೆ. ಬಿಸಿಲಿಗೆ ಅಲ್ಲಿಯ ಜನ ಎಷ್ಟು ಹೆದರುತ್ತಾರೆಂದರೆ, ಟೋಪಿ ಇಲ್ಲದ ಮಗುವನ್ನು ಶಾಲೆಯಲ್ಲಿ ಮೈದಾನಕ್ಕೆ ಬಿಡುವುದಿಲ್ಲ. ಪುಟ್ಟಿ ಶಿವಮೊಗ್ಗದ ಡಿಸೆಂಬರ್‌ನಲ್ಲೂ ಅಗಲ ಟೋಪಿ ಹಾಕಿಕೊಂಡೇ ಗಾಂಧಿ ಬಜಾರ್‌ಗೆ ಬಂದಳು. ಕೆಲಸ ಮಾಡುವವರಿಗೆ ಸಂಬಳದ ಜೊತೆಗೆ, ಅದರ ಶೇ 12ರಷ್ಟು ಹಣವನ್ನು ಕಂಪನಿಯೇ ನಿವೃತ್ತಿಗೆಂದು ಬೇರೆಯಾಗಿ ಕಟ್ಟುತ್ತದೆ. ಸರ್ಕಾರದ ವೃದ್ಧಾಪ್ಯ ಪಿಂಚಣಿಗೆ ವಯಸ್ಸು 67, ಸಾಮಾನ್ಯವಾಗಿ ಅಲ್ಲಿ 10 ವರ್ಷವಾದರೂ ವಾಸವಿರಬೇಕು, ಆದಾಯ-ಆಸ್ತಿಯ ಲೆಕ್ಕವನ್ನೂ ನೋಡುತ್ತಾರೆ.

ಆದರೆ ನನ್ನಂಥವರು ಅಲ್ಲಿ ಕಾಯಂ ಆಗಿ ನೆಲೆಸುವುದು ಹೇಗೆ? ಮಗ ಎಲ್ಲ ಓದಿ ಇಟ್ಟುಕೊಂಡಿದ್ದ. ಮೊದಲು ಒಂದು ಭಿನ್ನರಾಶಿಯ ಲೆಕ್ಕ ಪಾಸಾಗಬೇಕು. ತಂದೆ-ತಾಯಿಯ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಜನ ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದರೆ ಸಾಕು. ನನಗೆ ಇಬ್ಬರು ಮಕ್ಕಳು, ಒಬ್ಬ ಅಲ್ಲಿ. ಎರಡರಲ್ಲಿ ಒಂದು, ಅಂದರೆ ಸರಿಯಾಗಿ ಅರ್ಧ. ಪಾಸು. ಮುಂದೆ ಎರಡು ದಾರಿ. ದುಡ್ಡು ಕಡಿಮೆಯ ದಾರಿಯಲ್ಲಿ ಕಾಯಬೇಕಾದದ್ದು ಸುಮಾರು 30 ವರ್ಷ. “ಅಂದ್ರೆ ಅಜ್ಜಿಗೆ ವೀಸಾ ಬರುವಾಗ 101!” ಎಂದು ಪುಟ್ಟಿ ಕೂಡಿಸಿ ಹೇಳಿದಳು. ಎಲ್ಲರೂ ನಕ್ಕೆವು. ಎರಡನೆಯ ದಾರಿಗೆ 48,000 ಆಸ್ಟ್ರೇಲಿಯನ್ ಡಾಲರ್‌ನ ಆಸುಪಾಸು ಕಟ್ಟಬೇಕು, ನಮ್ಮ ಲೆಕ್ಕದಲ್ಲಿ 25 ಲಕ್ಷ ರೂಪಾಯಿಗೂ ಮೇಲೆ. ಅದರಲ್ಲೂ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ನೋಡಲು ಬಂದವಳಂತೆ ಹೋಗಿ ಬರುತ್ತಿರಬೇಕು, ಅಲ್ಲಿಯ ಸರ್ಕಾರಿ ಆರೋಗ್ಯ ಸೌಲಭ್ಯ ನನಗೆ ಸಿಗುವುದಿಲ್ಲ. “ಅಮ್ಮಾ, ದುಡ್ಡಿನ ಯೋಚನೆ ನಿಂಗೆ ಬೇಡ” ಎಂದ ಮಗ. ಅವನ ಮನೆ ಸಾಲ ಇನ್ನೂ 22 ವರ್ಷ ಇದೆ ಎಂಬುದು ನನಗೆ ಗೊತ್ತು.

ಮೆಲ್ಬರ್ನ್‌ನಲ್ಲಿ ನನಗೊಬ್ಬ ಗೆಳತಿ ಸಿಕ್ಕಿದ್ದರು. ಮಗನ ಮನೆ ಹತ್ತಿರದ ಪಾರ್ಕಿನ ಬೆಂಚಿನಲ್ಲಿ ಕ್ರೋಶ ಹಾಕುತ್ತಾ ಕೂರುತ್ತಿದ್ದ ಗ್ರೀಸ್ ಮೂಲದ ಅಜ್ಜಿ. ಆ ಊರಿನಲ್ಲಿ ಗ್ರೀಕರು ಬಹಳ. ಈಕೆ ಮದುವೆಯಾದ ಹೊಸತರಲ್ಲಿ ಹಡಗಿನಲ್ಲಿ ಬಂದು, ಕಾರ್ಖಾನೆಯಲ್ಲಿ ದುಡಿದು, ಮೂವರು ಮಕ್ಕಳನ್ನು ಬೆಳೆಸಿದವರು. ನಾನೂ ಕ್ರೋಶ ಕಡ್ಡಿ ತಂದೆ. ಒಂದು ತಿಂಗಳು ಜೊತೆಗೆ ಕೂತೆವು, ಮಾತು ಮಾತ್ರ ಹತ್ತಿಪ್ಪತ್ತು ಶಬ್ದ ದಾಟಲಿಲ್ಲ. ಒಂದು ದಿನ ಅವರ ಮಗಳು ಬಂದಾಗ ಹೇಳಿದರು: “ಅಮ್ಮ ಮೊದಲು ಚೆನ್ನಾಗಿ ಇಂಗ್ಲಿಷ್ ಮಾತಾಡ್ತಿದ್ರು. ಈಗ ವಯಸ್ಸಾದ ಹಾಗೆ ಮರೀತಾ ಇದ್ದಾರೆ. ಗ್ರೀಕ್ ಮಾತ್ರ ಉಳಿದಿದೆ. ನನ್ನ ಮಕ್ಕಳಿಗೆ ಗ್ರೀಕ್ ಬರಲ್ಲ.” ಆ ಮಾತು ನನಗೆ ನಾಟಿತು. ಕಲಿತ ಮಾತು ಮೊದಲು ಹೋಗಿ ಹುಟ್ಟಿನ ಮಾತೊಂದೇ ಉಳಿಯುವ ದಿನ ನನಗೂ ಬಂದರೆ, ಆ ಬೆಂಚಿನಲ್ಲಿ ನನ್ನ ಕನ್ನಡ ಕೇಳುವವರು ಯಾರು? ಪುಟ್ಟಿಗೆ ಕನ್ನಡ ಬರುತ್ತದೆ, ಆದರೆ ಅವಳು ಬೆಳಿಗ್ಗೆ ಎಂಟರಿಂದ ಮೂರೂವರೆವರೆಗೆ ಶಾಲೆಯಲ್ಲಿರುತ್ತಾಳೆ. ನಾಳೆ ಕಾಲೇಜು, ನಾಡಿದ್ದು ಬೇರೆ ಊರು. ಅವಳು ಹಾಗೆ ಹೋಗಬೇಕಾದದ್ದೇ.

ದುಬೈಗೆ ಅಂಕ ಹಾಕಲು ತಮ್ಮನನ್ನೇ ಕರೆಸಿದೆವು. ಅವನು ಕಟ್ಟಡ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಬಂದದ್ದೆಲ್ಲ ಕೈಗೆ. ಮೂರು ಮುಕ್ಕಾಲು, ನಾಲ್ಕು ಗಂಟೆಯಲ್ಲಿ ಬೆಂಗಳೂರು. ಬೇಸಿಗೆಯಲ್ಲಿ ಬಿಸಿಲು ಹೇಗಿರುತ್ತದೆ ಎಂದರೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂದು ಸರ್ಕಾರವೇ ನಿಯಮ ಮಾಡಿದೆ. ಹೊರಗಿನಿಂದ ಬಂದ ಕೆಲಸಗಾರರಿಗೆ ತಿಂಗಳ ಪಿಂಚಣಿ ಇಲ್ಲ. ಕೆಲಸ ಬಿಡುವಾಗ ಗ್ರಾಚ್ಯುಟಿ ಕೊಡುತ್ತಾರೆ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಅವನ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಭತ್ಯೆ ಇತ್ತು. ಭತ್ಯೆ ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವನಿಗೆ ತಿಳಿದದ್ದು ಕೊನೆಯ ತಿಂಗಳು.

“ಮತ್ತೆ ಅಲ್ಲೇ ಯಾಕೆ ಇರ್ಲಿಲ್ಲ ತಾತ?” ಎಂದು ಪುಟ್ಟ ಕೇಳಿದ.

“ಅಲ್ಲಿ ಇರೋ ಪರವಾನಗಿ ಕೆಲಸದ ಜೊತೆ ಅಂಟಿಕೊಂಡಿರುತ್ತೆ ಮರಿ. ಕೆಲಸ ಮುಗೀತು, ಪರವಾನಗಿ ಮುಗೀತು. 55 ದಾಟಿದವರಿಗೆ ಐದು ವರ್ಷದ ನಿವೃತ್ತಿ ವೀಸಾ ಅಂತ ಒಂದಿದೆ. ಅದು ದೊಡ್ಡ ಗಂಟು ಇಲ್ಲ ಸ್ವಂತ ಮನೆ ಇದ್ದವರಿಗೆ, ಸ್ಟೋರ್ ಕೀಪರ್‌ಗಲ್ಲ.”

ಆಮೇಲೆ ಅವನು ನನ್ನ ಕಡೆ ತಿರುಗಿ ಹೇಳಿದ, “ಅಕ್ಕ, 29 ವರ್ಷ ನಾನು ಊರಿಗೆ ಬರೋ ದಿನ ಎಣಿಸ್ತಾ ಇದ್ದೆ. ಬಂದ್ಮೇಲೆ ಎಣಿಸೋಕೆ ಏನೂ ಇಲ್ಲ. ಬೀದೀಲಿ ಸಿಕ್ಕಿದೋರು ಇವತ್ತಿಗೂ ‘ಯಾವಾಗ ವಾಪಸ್?’ ಅಂತ ಕೇಳ್ತಾರೆ.” ಮೇಜಿನ ಸುತ್ತ ಎಲ್ಲರೂ ಸುಮ್ಮನಾದರು. ಊರಿಗೆ ಮರಳಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಅಂದುಕೊಳ್ಳುವುದು ಎಷ್ಟು ಅರ್ಧಸತ್ಯ ಎಂದು ನನಗೆ ಅನ್ನಿಸಿತು. ಅವನು ಬರುವಷ್ಟರಲ್ಲಿ ಅವನ ಗೆಳೆಯರ ಗುಂಪು ಅವನಿಲ್ಲದೆಯೇ 29 ವರ್ಷ ಕಳೆದಿತ್ತು.

ಕೊನೆಗೆ ಶಿವಮೊಗ್ಗ. ಇಲ್ಲಿ ನಾನು ಪಕ್ಷಪಾತ ಮಾಡಬಾರದು ಎಂದುಕೊಂಡೆ. ಔಷಧಿ ಅಂಗಡಿಯವನಿಗೆ ನನ್ನ ಬಿ.ಪಿ. ಮಾತ್ರೆಯ ಹೆಸರು ಬಾಯಿಪಾಠ. ತರಕಾರಿಯವಳು ನನ್ನ ವಿದ್ಯಾರ್ಥಿನಿಯ ಮಗಳು. ತುಂಗಾ ಹೊಳೆ ಹತ್ತಿರ. ನನ್ನ ಪಿಂಚಣಿ ರೂಪಾಯಿಯಲ್ಲಿ ಬರುತ್ತದೆ, ರೂಪಾಯಿಯಲ್ಲೇ ಖರ್ಚಾಗುತ್ತದೆ. ಅದೇ ದುಡ್ಡು ಯೂರೋ ಆದರೆ ಮುಷ್ಟಿಯಷ್ಟಾಗುತ್ತದೆ. ನವೆಂಬರ್‌ನಲ್ಲಿ ‘ನಾನು ಬದುಕಿದ್ದೇನೆ’ ಎಂದು ಜೀವಂತ ಪ್ರಮಾಣಪತ್ರ ಕೊಡಬೇಕು. ಅದನ್ನು ಕೇಳಿ ಮಕ್ಕಳಿಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆದರೆ ಆ ಜುಲೈ ಬೆಳಿಗ್ಗೆ? ಅವತ್ತು ಶಿವಮೊಗ್ಗಕ್ಕೆ ಎಷ್ಟು ಅಂಕ? ಹಾಲಿನ ಹುಡುಗ ತಿರುಗಿ ನೋಡದೆ ಹೋಗಿದ್ದರೆ? ಜರ್ಮನಿಯಲ್ಲಿ 112, ಆಸ್ಟ್ರೇಲಿಯಾದಲ್ಲಿ 000, ನಮ್ಮಲ್ಲಿ 112 ಮತ್ತು 108. ನಂಬರ್ ಎಲ್ಲ ಕಡೆ ಇದೆ. ಫೋನು ಕೈಗೆ ಸಿಗದಿದ್ದರೆ ಎಲ್ಲ ನಂಬರೂ ಒಂದೇ. ಮಗನ ಮನೆಯಲ್ಲಾಗಿದ್ದರೆ ನಾನು ಕೂಗಿದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಈ ವಿಷಯದಲ್ಲಿ ನನ್ನ ಊರು ನಪಾಸು. ಹಾಗೆಂದು ನಾನೇ ಕೆಂಪು ಪೆನ್ನಿನಲ್ಲಿ ಬರೆದೆ.

ಆಮೇಲೆ ಮಕ್ಕಳಿಗೆ ಒಂದು ಲೆಕ್ಕ ಹಾಕಿ ತೋರಿಸಿದೆ. ಇದನ್ನು ಓದುತ್ತಿರುವ ಮಕ್ಕಳೇ, ನೀವೂ ಪೆನ್ಸಿಲ್ ಹಿಡಿಯಿರಿ. ಎರಡೇ ವಿಷಯ ತೆಗೆದುಕೊಳ್ಳೋಣ: ಸಂಬಳ ಮತ್ತು ಮಾತು. ಕನ್ನಡ ಬಿಟ್ಟು ಬೇರೆ ಊರಿಗೆ ಹೋದವರ ಲೆಕ್ಕ ಎಂದಿಟ್ಟುಕೊಳ್ಳಿ. ಸ್ಟುಟ್‌ಗಾರ್ಟ್‌ಗೆ ಸಂಬಳದಲ್ಲಿ 9, ಮಾತಿನಲ್ಲಿ 2. ಶಿವಮೊಗ್ಗಕ್ಕೆ ಸಂಬಳದಲ್ಲಿ 5, ಮಾತಿನಲ್ಲಿ 10. ಸುಮ್ಮನೆ ಕೂಡಿಸಿದರೆ 11 ಮತ್ತು 15. ಆದರೆ ಎಲ್ಲ ವಿಷಯಕ್ಕೂ ಎಲ್ಲ ವಯಸ್ಸಿನಲ್ಲೂ ಒಂದೇ ತೂಕವಿಲ್ಲ. 41 ವರ್ಷದ ನನ್ನ ಮಗಳಿಗೆ ದುಡಿಯುವ ಕಾಲ. ಅವಳಿಗೆ ಸಂಬಳದ ತೂಕ 4, ಮಾತಿನ ತೂಕ 1 ಇರಲಿ. ಸ್ಟುಟ್‌ಗಾರ್ಟ್‌ಗೆ 36 ಮತ್ತು 2, ಒಟ್ಟು 38. ಶಿವಮೊಗ್ಗಕ್ಕೆ 20 ಮತ್ತು 10, ಒಟ್ಟು 30. ಅವಳು ಹೋದದ್ದು ಸರಿ. 71 ವರ್ಷದ ನನಗೆ ಸಂಬಳದ ತೂಕ 1, ಮಾತಿನ ತೂಕ 4. ಸ್ಟುಟ್‌ಗಾರ್ಟ್‌ಗೆ 9 ಮತ್ತು 8, ಒಟ್ಟು 17. ಶಿವಮೊಗ್ಗಕ್ಕೆ 5 ಮತ್ತು 40, ಒಟ್ಟು 45. ಊರು ಬದಲಾಗಲಿಲ್ಲ, ಅಂಕ ಬದಲಾಗಲಿಲ್ಲ. ಕೇಳುವವರ ವಯಸ್ಸು ಬದಲಾಯಿತು.

‘ಯಾವ ದೇಶ ಒಳ್ಳೆಯದು?’ ಎಂದು ಜನ ಕೇಳುವಾಗ ‘ಯಾರಿಗೆ, ಯಾವ ವಯಸ್ಸಿನಲ್ಲಿ?’ ಎಂದು ಸೇರಿಸುವುದನ್ನು ಮರೆಯುತ್ತಾರೆ. ದುಡಿಯಲು ಒಳ್ಳೆಯ ದೇಶವೇ ವಿಶ್ರಾಂತಿಗೂ ಒಳ್ಳೆಯದಾಗಬೇಕೆಂದಿಲ್ಲ. ನನ್ನ ಮಕ್ಕಳು ದೂರ ಹೋದರೆಂದು ನಾನು ಅವರನ್ನು ದೂರಿದವಳಲ್ಲ. ನಾನು ಅವರ ಜೊತೆ ಹೋಗಲಿಲ್ಲವೆಂದು ಅವರೂ ನನ್ನನ್ನು ದೂರಬೇಕಾಗಿಲ್ಲ. ಇಬ್ಬರ ಉತ್ತರವೂ ಸರಿಯಿರಬಹುದು, ಏಕೆಂದರೆ ಪ್ರಶ್ನೆಪತ್ರಿಕೆಯೇ ಬೇರೆ.

ಆಗ ಪುಟ್ಟ ಕೇಳಿದ ಒಂದು ಪ್ರಶ್ನೆ ನಮ್ಮ ಯಾರ ಹಾಳೆಯಲ್ಲೂ ಇರಲಿಲ್ಲ. “ಅಜ್ಜಿ, ನೀನು ನಮ್ಮನೇಲಿ ಇದ್ರೆ ದಿನಾ ಏನು ಕೆಲಸ ಮಾಡ್ತೀಯ?”

ನಾನು ತಡೆದೆ. ಇಲ್ಲಿ ಸಂಜೆ ಐದಕ್ಕೆ ಬೀದಿಯ ಆರು ಮಕ್ಕಳು ಲೆಕ್ಕ ಕಲಿಯಲು ಬರುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಕೈಗೆ ಪ್ಲಾಸ್ಟರ್ ಇದ್ದಾಗ ಅವರೇ ಬೋರ್ಡ್ ಮೇಲೆ ಬರೆದರು, ನಾನು ಬಾಯಲ್ಲಿ ಹೇಳಿದೆ. ಅವನ ಮನೆಯಲ್ಲಿ ನಾನು ಬೆಳಿಗ್ಗೆ ದೋಸೆ ಹುಯ್ಯಬಹುದು, ಸಂಜೆ ಅವನು ಬರುವುದನ್ನು ಕಿಟಕಿಯಲ್ಲಿ ಕಾಯಬಹುದು. ಮೂರು ತಿಂಗಳಿಗೆ ಅದು ಹಬ್ಬ. ಮೂವತ್ತು ವರ್ಷ ದುಡಿದು ಬಂದ ತಮ್ಮ ಬಾಡಿದ್ದೂ ಇದಕ್ಕೇ ಎಂದು ಆಗ ಹೊಳೆಯಿತು. ಊರಿಗೆ ಬಂದ, ಆದರೆ ಊರಿನಲ್ಲಿ ಅವನಿಗೊಂದು ಕೆಲಸವಿರಲಿಲ್ಲ.

ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಮಗ, ಮಗಳು, ನಾನು ಕೂತೆವು. ಜಗಳವಾಗಲಿಲ್ಲ. ಮನೆ ಮಾರುವುದಿಲ್ಲ ಎಂದೆ, ಆದರೆ ಹಳೆಯ ಹಾಗೆ ಇರುವುದೂ ಇಲ್ಲ ಎಂದೆ. ಮಹಡಿಯ ಮೇಲಿನ ಎರಡು ಕೋಣೆಗಳನ್ನು ಕಡಿಮೆ ಬಾಡಿಗೆಗೆ ಒಬ್ಬ ನರ್ಸ್ ಮತ್ತು ಆಕೆಯ ಗಂಡನಿಗೆ ಕೊಟ್ಟಿದ್ದೇನೆ. ಮನೆಯ ಒಂದು ಬೀಗದ ಕೈ ಅವರ ಹತ್ತಿರ, ಒಂದು ತಮ್ಮನ ಹತ್ತಿರ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿದ್ದೇವೆ, ಜಾರದ ಮ್ಯಾಟ್ ಹಾಕಿದ್ದೇವೆ. ಫೋನು ಸಣ್ಣ ಚೀಲದಲ್ಲಿ ಕೊರಳಲ್ಲೇ ಇರುತ್ತದೆ, ಬಚ್ಚಲಿಗೂ. ಹಾಲಿನ ಹುಡುಗ ದಿನಾ ಬೆಲ್ ಒತ್ತುತ್ತಾನೆ, ನಾನು ಉತ್ತರಿಸಿದ ಮೇಲೇ ಹೋಗುತ್ತಾನೆ. ವರ್ಷಕ್ಕೊಂದು ದೇಶದಂತೆ ಒಮ್ಮೆ ಮಗನ ಮನೆ, ಒಮ್ಮೆ ಮಗಳ ಮನೆ, 88 ದಿನ.

ಇನ್ನೊಂದು ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು ಮೂವರೂ ಸಹಿ ಹಾಕಿದೆವು. ಮೂರು ಪ್ರಶ್ನೆ. ಒಬ್ಬಳೇ ಅಂಗಡಿಗೆ ಹೋಗಿ ಬರಬಲ್ಲೆನೇ? ನನ್ನ ಮಾತ್ರೆಗಳನ್ನು ನಾನೇ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆಯೇ? ಸಂಜೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡಬಲ್ಲೆನೇ? ಎರಡಕ್ಕೆ ‘ಇಲ್ಲ’ ಎಂದಾದ ದಿನ ನಾನು ಹಟ ಮಾಡುವುದಿಲ್ಲ, ಅವರು ಹೇಳಿದ ಕಡೆ ಹೋಗುತ್ತೇನೆ. ಅಲ್ಲಿಯವರೆಗೆ ಅವರು ಒತ್ತಾಯ ಮಾಡುವುದಿಲ್ಲ. ಬಿದ್ದರೆ, ಜ್ವರ ಬಂದರೆ ನಾನು ಮುಚ್ಚಿಡುವುದಿಲ್ಲ. ಈ ಕೊನೆಯ ಸಾಲನ್ನು ಮಗಳು ಸೇರಿಸಿದಳು. ನನಗೆ ಎಲ್ಲಕ್ಕಿಂತ ಕಷ್ಟದ್ದು ಅದೇ.

ಇದರಿಂದ ಎಲ್ಲ ಸುಖವಾಯಿತು ಎಂದು ಹೇಳಲಾರೆ. ನಡುಮನೆಯ ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರಕ್ಕೆ ಗೆರೆ ಹಾಕುತ್ತೇನೆ. ಪುಟ್ಟಿ ಹುಟ್ಟಿ 11 ವರ್ಷದಲ್ಲಿ ಅಲ್ಲಿರುವುದು ನಾಲ್ಕೇ ಗೆರೆ. ಎರಡು ಗೆರೆಗಳ ನಡುವಿನ ಒಂದು ಗೇಣು ಜಾಗದಲ್ಲಿ ಅವಳು ಬೆಳೆದದ್ದನ್ನು ನಾನು ನೋಡಲಿಲ್ಲ. ಆಸ್ಟ್ರೇಲಿಯಾದ ಪೌರಳಾದ ಅವಳಿಗೆ ನಮ್ಮ ದೇಶ ಎರಡನೆಯ ಪೌರತ್ವ ಕೊಡುವುದಿಲ್ಲ. ಸಾಗರೋತ್ತರ ಭಾರತೀಯಳೆಂಬ ಒಂದು ಕಾರ್ಡಿದೆ. ಅದನ್ನು ಹಿಡಿದು ಯಾವಾಗ ಬೇಕಾದರೂ ಬರಬಹುದು, ಓಟು ಹಾಕುವಂತಿಲ್ಲ, ತೋಟ ಕೊಳ್ಳುವಂತಿಲ್ಲ. ಚೌಕಟ್ಟಿಗೆ ಬೆನ್ನು ತಾಗಿಸಿ ನಿಲ್ಲಲು ಯಾವ ಅಡ್ಡಿಯೂ ಇಲ್ಲ.

ತಮ್ಮನಿಗೂ ಒಂದು ಕೆಲಸ ಸಿಕ್ಕಿದೆ. ಗಲ್ಫ್‌ಗೆ ಹೊರಡುವ ನಮ್ಮ ಕಡೆಯ ಹುಡುಗರು ಕೆಲಸದ ಕರಾರು ಪತ್ರ ತಂದು ಅವನ ಮುಂದಿಡುತ್ತಾರೆ. “ಮೂಲ ವೇತನ ಎಷ್ಟು, ಭತ್ಯೆ ಎಷ್ಟು, ಮೊದಲು ಅದನ್ನ ನೋಡು” ಎಂದು ಅವನು ಕನ್ನಡಕ ಏರಿಸಿ ಗದರಿಸುವುದು ನಮ್ಮ ಜಗಲಿಗೆ ಕೇಳುತ್ತದೆ.

ಹಾಳೆ ಈಗ ಫ್ರಿಜ್ ಬಾಗಿಲಲ್ಲಿದೆ. ಹೊರಡುವ ದಿನ ಪುಟ್ಟ ಅದಕ್ಕೆ ಒಂಬತ್ತನೆಯ ವಿಷಯ ಸೇರಿಸಿದ: ‘ಅಜ್ಜಿ ಕೆಲಸ’. ಶಿವಮೊಗ್ಗಕ್ಕೆ 10 ಹಾಕಿದ. ಸ್ಟುಟ್‌ಗಾರ್ಟ್ ಮುಂದೆ ಬರೆದು ಅಳಿಸಿ, ಮತ್ತೆ ಬರೆದ. ಅವನ ದೇಶದ ಆ ಭಾಗದಲ್ಲಿ ನಾಲ್ಕನೇ ಕ್ಲಾಸು ಮುಗಿದ ಕೂಡಲೇ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ, ಈ ವರ್ಷ ಅವನ ಸರದಿ. ಭಿನ್ನರಾಶಿ ಕಷ್ಟವಂತೆ. ಪ್ರತಿ ಶನಿವಾರ ಅವನ ಬೆಳಿಗ್ಗೆ ಹತ್ತಕ್ಕೆ, ನನ್ನ ಮಧ್ಯಾಹ್ನ ಎರಡೂವರೆಗೆ, ಫೋನಿನಲ್ಲಿ ಮುಖ ನೋಡಿಕೊಂಡು ಲೆಕ್ಕ ಮಾಡುತ್ತೇವೆ. ಹಾಳೆಯಲ್ಲಿ ಅವನು ಕೊನೆಗೆ ಉಳಿಸಿದ ಅಂಕ 3. ಹಬ್ಬಕ್ಕೆ ಮೊದಲು ಅದನ್ನು 4 ಮಾಡುವುದಾಗಿ ಮಾತು ಕೊಟ್ಟಿದ್ದಾನೆ.